ಕಾರಿನ ಫ್ಯೂಯೆಲ್ ಪಂಪ್ ನಿಜಕ್ಕೂ ಕೆಟ್ಟಿದೆಯೇ? ಬದಲಿಸುವ ಮೊದಲು ಪರೀಕ್ಷಿಸುವ ಕ್ರಮ

ಸೆಲ್ಫ್ ಹೊಡೆದರೆ ಎಂಜಿನ್ ಚುರುಕಾಗಿ ತಿರುಗುತ್ತದೆ, ಬ್ಯಾಟರಿಯಲ್ಲಿ ಕೊರತೆಯಿಲ್ಲ, ಆದರೂ ಗಾಡಿ ಸ್ಟಾರ್ಟ್ ಆಗುವುದಿಲ್ಲ. ಇಲ್ಲವೇ ಬಯಲು ರಸ್ತೆಯಲ್ಲಿ ಸರಾಗವಾಗಿ ಓಡುತ್ತಿದ್ದ ಕಾರು ಶಿರಾಡಿಯನ್ನೋ ಚಾರ್ಮಾಡಿಯನ್ನೋ ಹತ್ತುವಾಗ ಪಿಕಪ್ ಕಳೆದುಕೊಂಡು ಜರ್ಕ್ ಹೊಡೆಯುತ್ತದೆ. ಇಂಥ ದೂರು ಕಿವಿಗೆ ಬಿದ್ದೊಡನೆ ‘ಫ್ಯೂಯೆಲ್ ಪಂಪ್ ಹೋಗಿದೆ’ ಎಂದು ತೀರ್ಪು ಕೊಡುವುದು ನಮ್ಮ ಗ್ಯಾರೇಜುಗಳಲ್ಲಿ ಸಾಮಾನ್ಯ. ತೀರ್ಪು ಕೆಲವೊಮ್ಮೆ ಸರಿಯೇ ಆಗಿರುತ್ತದೆ. ಆದರೆ ಪಂಪ್‌ಗೆ ವಿದ್ಯುತ್ ತಲುಪಿಸುವ ಫ್ಯೂಸ್, ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್), ವೈರು, ಅರ್ಥ್ (ಕರೆಂಟ್ ಬ್ಯಾಟರಿಯ ನೆಗೆಟಿವ್‌ಗೆ ಮರಳುವ ದಾರಿ) ಇವುಗಳಲ್ಲಿ ಯಾವುದು ಕೈಕೊಟ್ಟರೂ ಹೊರಗೆ ಕಾಣುವ ಲಕ್ಷಣ ಒಂದೇ ಆಗಿರುವುದರಿಂದ, ಅಳತೆ ಮಾಡದೆ ಪಂಪ್ ಬದಲಿಸಿದರೆ ದುಡ್ಡು ದಂಡವಾಗುವ ಸಂಭವವೇ ಹೆಚ್ಚು. ಒಮ್ಮೆ ಜೋಡಿಸಿದ ಎಲೆಕ್ಟ್ರಿಕಲ್ ಸಾಮಾನನ್ನು ಬಹುತೇಕ ಸ್ಪೇರ್ ಪಾರ್ಟ್ಸ್ ಅಂಗಡಿಗಳು ವಾಪಸ್ ತೆಗೆದುಕೊಳ್ಳುವುದೂ ಇಲ್ಲ.

ಈ ಬರಹ ಟ್ಯಾಂಕಿನೊಳಗೆ ವಿದ್ಯುತ್ ಪಂಪ್ ಇರುವ, ಇಂಜೆಕ್ಟರುಗಳಿಂದ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಷನ್ ವ್ಯವಸ್ಥೆಯ ಪೆಟ್ರೋಲ್ ಕಾರುಗಳಿಗೆ ಸಂಬಂಧಿಸಿದ್ದು. ಡೀಸೆಲ್ ಗಾಡಿಗಳ ಅಧಿಕ ಒತ್ತಡದ ಪಂಪ್ ಬೇರೆಯೇ ವಿಷಯ. ಅದಕ್ಕೆ ಇಲ್ಲಿಯ ಕ್ರಮವನ್ನು ಅನ್ವಯಿಸಬಾರದು.

ಪಂಪ್ ಕೆಲಸ ಮಾಡುವ ಬಗೆ

ಕಾರ್ಬ್ಯುರೇಟರ್ ಕಾಲದಲ್ಲಿ ಎಂಜಿನ್ನಿನ ಮಗ್ಗುಲಲ್ಲಿದ್ದ ಮೆಕ್ಯಾನಿಕಲ್ ಪಂಪ್ ಅರ್ಧ ಬಾರ್ ಒತ್ತಡವನ್ನೂ ಕೊಡಬೇಕಾಗಿರಲಿಲ್ಲ. ಇಂದಿನ ಮಲ್ಟಿಪಾಯಿಂಟ್ ಇಂಜೆಕ್ಷನ್ ಎಂಜಿನ್ನಿಗೆ ಸಾಮಾನ್ಯವಾಗಿ 3ರಿಂದ 4 ಬಾರ್, ಅಂದರೆ ಸುಮಾರು 43ರಿಂದ 58 ಪಿಎಸ್‌ಐ ಒತ್ತಡ ಬೇಕು. ಟ್ಯಾಂಕಿನೊಳಗೆ ಪೆಟ್ರೋಲಿನಲ್ಲಿ ಮುಳುಗಿರುವ ಪುಟ್ಟ ಮೋಟಾರು ಇಂಪೆಲ್ಲರ್ ಎಂಬ ರೆಕ್ಕೆಚಕ್ರವನ್ನು ತಿರುಗಿಸಿ ಈ ಒತ್ತಡವನ್ನು ಹುಟ್ಟಿಸುತ್ತದೆ. ಸುತ್ತಲಿರುವ ಪೆಟ್ರೋಲೇ ಮೋಟಾರನ್ನು ತಂಪಾಗಿಡುತ್ತದೆ. ಸದಾ ರಿಸರ್ವ್ ದೀಪ ಹೊತ್ತಿಸಿಕೊಂಡೇ ಓಡಾಡುವವರ ಗಾಡಿಗಳಲ್ಲಿ ಪಂಪ್ ಬೇಗ ಸವೆಯುವುದಕ್ಕೆ ಇದೂ ಒಂದು ಕಾರಣ.

ಕೀಯನ್ನು ಆನ್ ಸ್ಥಾನಕ್ಕೆ ತಂದೊಡನೆ ಎಂಜಿನ್ ನಿಯಂತ್ರಣ ಘಟಕ, ಅಂದರೆ ಇಸಿಯು, ಪಂಪ್ ರಿಲೇಯನ್ನು ಸುಮಾರು ಎರಡು ಸೆಕೆಂಡು ಮಾತ್ರ ಎಳೆದು ಬಿಡುತ್ತದೆ. ಬಳಿಕ ಸೆಲ್ಫ್ ಹೊಡೆದು, ಕ್ರ್ಯಾಂಕ್ ಸೆನ್ಸರಿನಿಂದ ‘ಎಂಜಿನ್ ತಿರುಗುತ್ತಿದೆ’ ಎಂಬ ಸಂಕೇತ ಬಂದರಷ್ಟೇ ಪಂಪ್ ಮತ್ತೆ ಓಡುತ್ತದೆ. ಅಪಘಾತದಲ್ಲಿ ಎಂಜಿನ್ ನಿಂತುಹೋದರೂ ಪೆಟ್ರೋಲ್ ಸುರಿಯುತ್ತಲೇ ಇರಬಾರದು ಎಂಬುದಕ್ಕಾಗಿ ಮಾಡಿದ ಏರ್ಪಾಡು ಇದು. ಮುಂದಿನ ಅರ್ಧಕ್ಕರ್ಧ ಪರೀಕ್ಷೆಗಳು ಈ ಎರಡು ಸೆಕೆಂಡುಗಳನ್ನೇ ಆಧರಿಸಿವೆ.

ಎಚ್ಚರಿಕೆ

ಪೆಟ್ರೋಲ್ ಆವಿ ನೆಲದ ಮಟ್ಟದಲ್ಲಿ ಹರಡಿಕೊಳ್ಳುತ್ತದೆ. ಅದು ಹೊತ್ತಿಕೊಳ್ಳಲು ಒಂದು ಕಿಡಿ ಸಾಕು. ಕೆಲಸವನ್ನು ಬಯಲಿನಲ್ಲೋ ಬಾಗಿಲು ತೆರೆದ ಶೆಡ್ಡಿನಲ್ಲೋ ಮಾಡಬೇಕು, ಪುಡಿ ಮಾದರಿಯ ಅಗ್ನಿಶಾಮಕ ಕೈಗೆಟುಕುವಂತಿರಬೇಕು, ಬೀಡಿ ಸಿಗರೇಟು ಹತ್ತಿರ ಸುಳಿಯಬಾರದು. ಬೆಳಕಿಗೆ ಎಲ್‌ಇಡಿ ಟಾರ್ಚ್ ಸಾಕು. ಇಂಧನದ ಪೈಪನ್ನು ಬಿಚ್ಚುವ ಮೊದಲು ಒತ್ತಡವನ್ನು ಇಳಿಸಬೇಕು: ಎಂಜಿನ್ ಓಡುತ್ತಿರುವಾಗ ಪಂಪಿನ ಫ್ಯೂಸ್ ಕಿತ್ತರೆ ಸ್ವಲ್ಪ ಹೊತ್ತಿನಲ್ಲಿ ಅದು ತಾನಾಗಿಯೇ ನಿಲ್ಲುತ್ತದೆ, ಆಮೇಲೆ ಇನ್ನೂ ನಾಲ್ಕೈದು ಸೆಕೆಂಡು ಸೆಲ್ಫ್ ಹೊಡೆದು, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಜಾಯಿಂಟಿನ ಸುತ್ತ ದಪ್ಪ ಬಟ್ಟೆ ಸುತ್ತಿಕೊಂಡು ಬಿಚ್ಚಬೇಕು. ಎಂಜಿನ್ ಬಿಸಿಯಾಗಿರುವಾಗ ಈ ಕೆಲಸಕ್ಕೆ ಕೈಹಾಕಬಾರದು.

ಉಪಕರಣ ಹಿಡಿಯುವ ಮೊದಲು

ಟ್ಯಾಂಕಿನಲ್ಲಿ ಪೆಟ್ರೋಲ್ ಇದೆಯೇ ಎಂದು ಕೇಳಿದರೆ ನಗು ಬರಬಹುದು. ಆದರೆ ಫ್ಯೂಯೆಲ್ ಗೇಜಿನ ತೇಲು ಸಿಕ್ಕಿಕೊಂಡು, ಖಾಲಿ ಟ್ಯಾಂಕನ್ನು ಕಾಲು ಭಾಗ ತುಂಬಿದೆ ಎಂದು ತೋರಿಸುವುದು ಅಪರೂಪವಲ್ಲ. ಗೇಜಿನ ಮೇಲೆ ಸಂಶಯವಿದ್ದರೆ ಬಂಕಿನಿಂದ ಐದು ಲೀಟರ್ ತಂದು ಹಾಕಿ ನೋಡುವುದೇ ಎಲ್ಲಕ್ಕಿಂತ ಅಗ್ಗದ ಪರೀಕ್ಷೆ.

ಡ್ಯಾಶ್‌ಬೋರ್ಡಿನಲ್ಲಿ ಕೀ ಅಥವಾ ಬೀಗದ ಚಿತ್ರವಿರುವ ಇಮ್ಮೊಬಿಲೈಸರ್ ದೀಪ ಮಿಟುಕುತ್ತಲೇ ಇದ್ದರೆ, ಇಸಿಯು ಕೀಯನ್ನು ಗುರುತಿಸಿಲ್ಲ ಎಂದರ್ಥ. ಹಲವು ಗಾಡಿಗಳಲ್ಲಿ ಆಗ ಪೆಟ್ರೋಲ್ ಸರಬರಾಜೇ ನಿಂತಿರುತ್ತದೆ. ಎರಡನೆಯ ಕೀಯಿಂದ ಪ್ರಯತ್ನಿಸಿ ನೋಡಬೇಕು. ಫೋರ್ಡ್ ಮತ್ತು ಫಿಯಟ್ ಕಂಪನಿಗಳ ಹಲವು ಹಳೆಯ ಮಾದರಿಗಳಲ್ಲಿ, ಡಿಕ್ಕಿಯಾದಾಗ ಪಂಪನ್ನು ನಿಲ್ಲಿಸುವ ಇನರ್ಷಿಯಾ ಸ್ವಿಚ್ ಇರುತ್ತದೆ. ದೊಡ್ಡ ಗುಂಡಿಗೆ ಚಕ್ರ ಇಳಿದ ಹೊಡೆತಕ್ಕೂ ಅದು ಕೆಲವೊಮ್ಮೆ ಹಾರುತ್ತದೆ. ಎಲ್ಲೂ ಪೆಟ್ರೋಲ್ ಸೋರುತ್ತಿಲ್ಲವೆಂದು ಖಚಿತಪಡಿಸಿಕೊಂಡು ಅದರ ಗುಂಡಿಯನ್ನು ಒತ್ತಿದರೆ ಮುಗಿಯಿತು.

ಕಾರಿನ ಚಾಸಿ ಸಂಖ್ಯೆಯನ್ನು ಕಂಪನಿಯ ಜಾಲತಾಣದಲ್ಲಿ ಹಾಕಿ, ರೀಕಾಲ್ ಇದೆಯೇ ಎಂದು ನೋಡುವುದೂ ಈ ಹಂತದ ಕೆಲಸವೇ. ಮಾರುತಿ ಸುಝುಕಿ 2020ರ ಜುಲೈನಲ್ಲಿ ಫ್ಯೂಯೆಲ್ ಪಂಪಿನ ದೋಷದ ಸಾಧ್ಯತೆಗಾಗಿ 1,34,885 ವ್ಯಾಗನ್‌ಆರ್ ಮತ್ತು ಬಲೆನೊ ಕಾರುಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಹೋಂಡಾ 2020ರಲ್ಲೂ 2024ರಲ್ಲೂ ಭಾರತದಲ್ಲಿ ಇಂಪೆಲ್ಲರ್ ದೋಷದ ಕಾರಣಕ್ಕೆ ಪಂಪ್ ಬದಲಿಸುವುದಾಗಿ ಘೋಷಿಸಿತು. 2024ರ ಪಟ್ಟಿಯಲ್ಲಿ 90,000ಕ್ಕೂ ಹೆಚ್ಚು ಹಳೆಯ ಕಾರುಗಳಿದ್ದವು. ರೀಕಾಲ್ ಅನ್ವಯಿಸಿದರೆ ಪಂಪ್ ಉಚಿತವಾಗಿ ಸಿಗುತ್ತದೆ. ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಿಗೆ ಈ ಸೂಚನೆಗಳು ತಲುಪಿರುವುದಿಲ್ಲವಾದ್ದರಿಂದ ಅವರು ಇದನ್ನು ತಾವೇ ನೋಡಿಕೊಳ್ಳಬೇಕು.

ಕಿವಿಗೊಟ್ಟು ಕೇಳುವುದು

ಹಿಂದಿನ ಸೀಟಿನ ಬಳಿ, ಇಲ್ಲವೇ ಪೆಟ್ರೋಲ್ ಹಾಕುವ ಬಾಯಿಯ ಬಳಿ ಒಬ್ಬರು ಕಿವಿಯಿಟ್ಟು ನಿಂತಿರುವಾಗ ಇನ್ನೊಬ್ಬರು ಕೀ ಆನ್ ಮಾಡಬೇಕು. ಎರಡು ಸೆಕೆಂಡು ‘ಝೂಂ’ ಎಂದು ನಿಂತರೆ ಫ್ಯೂಸ್, ರಿಲೇ, ಮೋಟಾರು ಮೂರಕ್ಕೂ ಜೀವವಿದೆ ಎಂದು ತಿಳಿಯಬೇಕು, ಅಷ್ಟೇ. ಪಂಪ್ ಸದ್ದು ಮಾಡಿದ ಮಾತ್ರಕ್ಕೆ ಸಾಕಷ್ಟು ಒತ್ತಡ ಕೊಡುತ್ತಿದೆ ಎಂದಲ್ಲ. ಈ ವ್ಯತ್ಯಾಸವನ್ನು ಮರೆತದ್ದರಿಂದಲೇ ಅನೇಕ ಗಾಡಿಗಳು ಗ್ಯಾರೇಜಿನಿಂದ ಗ್ಯಾರೇಜಿಗೆ ಅಲೆಯುತ್ತವೆ. ಫೋಕ್ಸ್‌ವ್ಯಾಗನ್ ಬಳಗದ ಕೆಲವು ಕಾರುಗಳಲ್ಲಿ ಚಾಲಕನ ಬಾಗಿಲು ತೆರೆದೊಡನೆಯೇ ಪಂಪ್ ಓಡಿಬಿಡುವುದರಿಂದ, ಅಲ್ಲಿ ಕೀ ತಿರುಗಿಸಿದಾಗ ಸದ್ದು ಕೇಳದಿದ್ದರೆ ಗಾಬರಿಯಾಗಬೇಕಿಲ್ಲ.

ಸದ್ದೇ ಇಲ್ಲದಿದ್ದರೆ, ಕೀ ಆನ್ ಇರುವಾಗ ಟ್ಯಾಂಕಿನ ತಳಕ್ಕೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಮತ್ತೆ ಸೆಲ್ಫ್ ಹೊಡೆದು ನೋಡಬಹುದು. ತಟ್ಟಿದಾಗ ಪಂಪ್ ಓಡಿತೆಂದರೆ ಮೋಟಾರಿನ ಬ್ರಷ್ ಸವೆದಿರುವುದು ಬಹುಮಟ್ಟಿಗೆ ನಿಶ್ಚಿತ. ಇದು ಮನೆ ಮುಟ್ಟುವುದಕ್ಕೆ ಒದಗುವ ಉಪಾಯವೇ ಹೊರತು ರಿಪೇರಿಯಲ್ಲ.

ಕೀ ಆನ್ ಮಾಡಿದಾಗ ಸದ್ದು ಬಂದು, ಸೆಲ್ಫ್ ಹೊಡೆಯುವಾಗ ಪಂಪ್ ಓಡದಿದ್ದರೆ ಸಂಶಯ ಕ್ರ್ಯಾಂಕ್ ಸೆನ್ಸರಿನ ಕಡೆಗೆ ತಿರುಗಬೇಕು. ಸೆಲ್ಫ್ ಹೊಡೆಯುವಾಗ, ಇಸಿಯುವಿನ ಮಾಹಿತಿ ಓದುವ ಸ್ಕ್ಯಾನರಿನಲ್ಲಿ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಸಂಖ್ಯೆ) ಸೊನ್ನೆಯನ್ನೇ ತೋರಿಸುತ್ತಿದ್ದರೆ ಪಂಪನ್ನು ಮುಟ್ಟುವ ಅಗತ್ಯವೇ ಇಲ್ಲ.

ಫ್ಯೂಸ್ ಮತ್ತು ರಿಲೇ

ಪಂಪಿನ ಫ್ಯೂಸ್ ಸಾಮಾನ್ಯವಾಗಿ 15 ಅಥವಾ 20 ಆಂಪಿಯರಿನದು. ಕಣ್ಣಿಗೆ ಸರಿಯಾಗಿ ಕಂಡ ಫ್ಯೂಸಿನಲ್ಲೂ ಕೂದಲೆಳೆಯ ಬಿರುಕು ಇರಬಹುದಾದ್ದರಿಂದ, ಕೀ ಆನ್ ಇರುವಾಗ ಅದರ ಬೆನ್ನಿನ ಎರಡೂ ಲೋಹದ ಚುಕ್ಕೆಗಳಲ್ಲಿ ವೋಲ್ಟೇಜ್ ಇದೆಯೇ ಎಂದು ನೋಡಬೇಕು. ಹೊಸ ಫ್ಯೂಸ್ ಹಾಕಿದೊಡನೆ ಮತ್ತೆ ಸುಟ್ಟರೆ, ಎಲ್ಲೋ ಶಾರ್ಟ್ ಇದೆ ಇಲ್ಲವೇ ಪಂಪ್ ಜಾಮ್ ಆಗಿದೆ. ಅದರ ಬದಲು 30 ಆಂಪಿಯರಿನ ಫ್ಯೂಸ್ ಹಾಕುವುದು ಅಪಾಯ; ಆಗ ಸುಡುವುದು ಫ್ಯೂಸ್ ಅಲ್ಲ, ವೈರಿಂಗ್.

ರಿಲೇ ವಿಷಯದಲ್ಲಿ ಅದಲು ಬದಲು ಮಾಡಿ ನೋಡುವುದೇ ಸುಲಭ. ಫ್ಯೂಸ್ ಡಬ್ಬಿಯಲ್ಲಿ ಅದೇ ಸಂಖ್ಯೆ ಮುದ್ರಿತವಾಗಿರುವ ಇನ್ನೊಂದು ರಿಲೇ, ಸಾಮಾನ್ಯವಾಗಿ ಹಾರನ್ನಿನದು, ಬಹುತೇಕ ಗಾಡಿಗಳಲ್ಲಿ ಇರುತ್ತದೆ. ಅದನ್ನು ಪಂಪಿನ ಜಾಗಕ್ಕೆ ಹಾಕಿದಾಗ ಗಾಡಿ ಸ್ಟಾರ್ಟ್ ಆದರೆ ಕೆಲಸ ಕಡಿಮೆ ಖರ್ಚಿನಲ್ಲಿ ಮುಗಿಯಿತು. ಹಾಗಾಗದಿದ್ದರೆ ರಿಲೇಯನ್ನು ಕಿತ್ತು ಅದರ ಸಾಕೆಟ್ಟನ್ನು ಪರೀಕ್ಷಿಸಬೇಕು. 30 ಎಂಬ ಕಿಂಡಿಯಲ್ಲಿ ಬ್ಯಾಟರಿಯ ವೋಲ್ಟೇಜ್ ಇರಬೇಕು; 85 ಮತ್ತು 86ರ ನಡುವೆ ಟೆಸ್ಟ್ ಲ್ಯಾಂಪ್ ಹಿಡಿದರೆ ಕೀ ಆನ್ ಮಾಡಿದಾಗ ಎರಡು ಸೆಕೆಂಡು ಬೆಳಗಬೇಕು. ಇಲ್ಲಿ ಬಳಸುವ ಲ್ಯಾಂಪ್ ಕಡಿಮೆ ಕರೆಂಟಿನ ಎಲ್‌ಇಡಿ ಮಾದರಿಯದಾಗಿರಲಿ, ಏಕೆಂದರೆ ದೊಡ್ಡ ಬಲ್ಬಿನ ಹೊರೆಗೆ ಇಸಿಯುವಿನ ಡ್ರೈವರ್ ಕೆಡಬಹುದು. ಲ್ಯಾಂಪ್ ಬೆಳಗದಿದ್ದರೆ ಆದೇಶವೇ ಬರುತ್ತಿಲ್ಲ. ದೋಷ ಇಸಿಯು, ಇಮ್ಮೊಬಿಲೈಸರ್ ಅಥವಾ ಅವುಗಳ ವೈರಿಂಗಿನಲ್ಲಿದೆ.

ಲ್ಯಾಂಪ್ ಬೆಳಗಿದರೆ, 15 ಆಂಪಿಯರ್ ಫ್ಯೂಸ್ ಇರುವ ವೈರಿನ ತುಂಡಿನಿಂದ 30 ಮತ್ತು ಪಂಪಿನತ್ತ ಹೋಗುವ 87ನ್ನು ಜೋಡಿಸಿ ಪಂಪನ್ನು ನೇರವಾಗಿ ಓಡಿಸಬಹುದು. ಈ ಜೋಡಣೆ ಮುಂದಿನ ಹಲವು ಪರೀಕ್ಷೆಗಳಿಗೂ ಬೇಕಾಗುತ್ತದೆ, ಎರಡು ಸೆಕೆಂಡಿನ ಹಂಗು ತಪ್ಪುತ್ತದೆ. ಕಿಂಡಿಗಳ ಸಂಖ್ಯೆ ರಿಲೇಯ ಮೈಮೇಲೆ ಬರೆದಿರುತ್ತದೆ. ಊಹೆಯ ಮೇಲೆ ವೈರು ಸಿಕ್ಕಿಸುವುದು ಬೇಡ.

1990ರ ದಶಕದ ಹೋಂಡಾ ಕಾರುಗಳ ಬಗ್ಗೆ ಒಂದು ಮಾತು. ಅವುಗಳಲ್ಲಿ ಡ್ಯಾಶ್‌ಬೋರ್ಡಿನ ಕೆಳಗಿರುವ ಮೇನ್ ರಿಲೇಯ ಬೆಸುಗೆಗಳು ಕಾಲಾಂತರದಲ್ಲಿ ಬಿರುಕು ಬಿಡುತ್ತವೆ. ಬಿಸಿಲಿನಲ್ಲಿ ನಿಂತು ಕಾದ ಕಾರು ಮಧ್ಯಾಹ್ನ ಸ್ಟಾರ್ಟ್ ಆಗುವುದಿಲ್ಲ, ಕಿಟಕಿ ತೆರೆದು ತಂಪಾಗಲು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಸ್ಟಾರ್ಟ್ ಆಗುತ್ತದೆ. ರಿಲೇಯ ಡಬ್ಬಿ ಬಿಚ್ಚಿ, ಬೆಸುಗೆಯ ಚುಕ್ಕೆಗಳ ಸುತ್ತ ಉಂಗುರದಂಥ ಕಪ್ಪು ಗೆರೆ ಕಂಡರೆ, ಮತ್ತೆ ಬೆಸುಗೆ ಹಾಕಿಸಿದರೆ ಸಾಕು. ಇದನ್ನು ತಿಳಿಯದೆ ಪಂಪ್ ಬದಲಿಸಿದವರು ಬಹಳ ಮಂದಿ.

ಪಂಪಿನ ಬಾಗಿಲಿಗೆ ಎಷ್ಟು ವೋಲ್ಟ್ ತಲುಪುತ್ತಿದೆ?

ನನ್ನ ಅಭಿಪ್ರಾಯದಲ್ಲಿ ಇಡೀ ಪರೀಕ್ಷೆಯ ಹೃದಯಭಾಗ ಇದು. ಅತಿ ಹೆಚ್ಚು ಕಡೆಗಣಿಸಲ್ಪಡುವುದೂ ಇದೇ. ಹಲವು ಕಾರುಗಳಲ್ಲಿ ಹಿಂದಿನ ಸೀಟನ್ನು ಎತ್ತಿದರೆ ಅಂಗೈಯಗಲದ ಒಂದು ಮುಚ್ಚಳ ಕಾಣುತ್ತದೆ. ಅದರ ಕೆಳಗೆ ಪಂಪಿನ ತಲೆ ಮತ್ತು ಕನೆಕ್ಟರ್ ಇರುತ್ತವೆ. ಮುಚ್ಚಳವಿಲ್ಲದ ಗಾಡಿಗಳಲ್ಲಿ ಟ್ಯಾಂಕನ್ನು ಸ್ವಲ್ಪ ಕೆಳಗಿಳಿಸಬೇಕಾಗುತ್ತದೆ, ಅಥವಾ ದಾರಿಯಲ್ಲೇ ಸಿಗುವ ಇನ್ನೊಂದು ಕನೆಕ್ಟರನ್ನು ಹುಡುಕಬೇಕಾಗುತ್ತದೆ. ಕನೆಕ್ಟರಿನಲ್ಲಿ ದಪ್ಪನೆಯ ಎರಡು ವೈರುಗಳು ಪಂಪಿಗೆ ಸೇರಿದವು, ತೆಳ್ಳಗಿನವು ಗೇಜಿಗೆ ಸೇರಿದವು.

ಕನೆಕ್ಟರನ್ನು ಬಿಚ್ಚಿ ಮೀಟರ್ ಹಿಡಿದು ‘12 ವೋಲ್ಟ್ ಬರುತ್ತಿದೆ, ಆದ್ದರಿಂದ ಪಂಪ್ ಕೆಟ್ಟಿದೆ’ ಎಂದು ಹೇಳುವುದು ಸಾಮಾನ್ಯವಾಗಿ ನಡೆಯುವ ತಪ್ಪು. ಒಂದೇ ಎಳೆ ಉಳಿದಿರುವ ವೈರೂ ಮಲ್ಟಿಮೀಟರಿಗೆ 12 ವೋಲ್ಟ್ ತೋರಿಸುತ್ತದೆ, ಏಕೆಂದರೆ ಮೀಟರ್ ಕರೆಂಟನ್ನು ಎಳೆಯುವುದೇ ಇಲ್ಲ. ಪಂಪ್ ಮಾತ್ರ 4ರಿಂದ 8 ಆಂಪಿಯರ್ ಕೇಳುತ್ತದೆ. ಆಗ ಆ ಒಂದೆಳೆಯ ವೈರು ಕೈಚೆಲ್ಲುತ್ತದೆ. ಆದ್ದರಿಂದ ಕನೆಕ್ಟರನ್ನು ಜೋಡಿಸಿಯೇ ಇಟ್ಟು, ಪಂಪ್ ಓಡುತ್ತಿರುವಾಗ, ಹಿಂಬದಿಯಿಂದ ತೆಳ್ಳನೆಯ ಪಿನ್ ತೂರಿಸಿ ಅಳೆಯಬೇಕು. ಬ್ಯಾಟರಿಯಲ್ಲಿ 12.4 ವೋಲ್ಟ್ ಇದ್ದು ಪಂಪಿನ ಎರಡು ವೈರುಗಳ ನಡುವೆ 11.8 ಅಥವಾ ಅದಕ್ಕಿಂತ ಹೆಚ್ಚು ಸಿಕ್ಕರೆ ಚಿಂತೆಯಿಲ್ಲ. 9 ಅಥವಾ 10 ವೋಲ್ಟ್ ಮಾತ್ರ ಸಿಕ್ಕರೆ ಹೊಚ್ಚ ಹೊಸ ಪಂಪ್ ಕೂಡ ನಿಧಾನವಾಗಿಯೇ ತಿರುಗುತ್ತದೆ, ಒತ್ತಡ ಸಾಲುವುದಿಲ್ಲ.

ಕಳೆದುಹೋದ ವೋಲ್ಟೇಜ್ ಎಲ್ಲಿ ಹೋಯಿತು ಎಂದು ಪತ್ತೆ ಹಚ್ಚುವುದೂ ಕಷ್ಟವಲ್ಲ. ಪಂಪ್ ಓಡುತ್ತಿರುವಾಗಲೇ ಮೀಟರಿನ ಕೆಂಪು ಕಡ್ಡಿಯನ್ನು ಉದ್ದನೆಯ ವೈರಿನ ಮೂಲಕ ಬ್ಯಾಟರಿಯ ಪಾಸಿಟಿವ್‌ಗೂ, ಕಪ್ಪು ಕಡ್ಡಿಯನ್ನು ಪಂಪಿನ ಪಾಸಿಟಿವ್ ವೈರಿಗೂ ಇಡಬೇಕು. ಅಲ್ಲಿ ಕಾಣುವ ಅಂಕಿಯೇ ದಾರಿಯಲ್ಲಿ ಸೋರಿಹೋದ ವೋಲ್ಟೇಜ್. ಅದು ಅರ್ಧ ವೋಲ್ಟನ್ನು ಮೀರಬಾರದು. ಹಾಗೆಯೇ ಪಂಪಿನ ನೆಗೆಟಿವ್ ವೈರಿಗೂ ಬ್ಯಾಟರಿಯ ನೆಗೆಟಿವ್‌ಗೂ ನಡುವೆ 0.2 ವೋಲ್ಟಿಗಿಂತ ಹೆಚ್ಚು ಕಂಡರೆ ಅರ್ಥ್ ಕೆಟ್ಟಿದೆ. ಕಾರವಾರದಿಂದ ಮಂಗಳೂರಿನವರೆಗಿನ ಉಪ್ಪುಗಾಳಿಯಲ್ಲಿ ಬಾಳಿದ ಗಾಡಿಗಳಲ್ಲಿ ಅರ್ಥ್ ಬೋಲ್ಟಿನ ಕೆಳಗೆ ತುಕ್ಕು ಹಿಡಿದಿರುವುದು ಮಾಮೂಲು. ಬೋಲ್ಟ್ ಬಿಚ್ಚಿ, ಲೋಹ ಹೊಳೆಯುವವರೆಗೆ ಉಜ್ಜುಕಾಗದದಿಂದ ತಿಕ್ಕಿ, ಬಿಗಿದು ಮೇಲೆ ಗ್ರೀಸ್ ಸವರಿದರೆ ಆಯಿತು. ಕನೆಕ್ಟರಿನ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ, ಪಿನ್ನಿನ ಸುತ್ತ ಕರಗಿದ್ದರೆ ಕನೆಕ್ಟರನ್ನೂ ಬದಲಿಸಬೇಕು. ಇಲ್ಲದಿದ್ದರೆ ಹೊಸ ಪಂಪಿಗೂ ಅದೇ ಗತಿ.

ವೋಲ್ಟೇಜ್ ಮತ್ತು ಅರ್ಥ್ ಎರಡೂ ಸರಿಯಿದ್ದು ಪಂಪ್ ಮಾತ್ರ ಅಲುಗಾಡದಿದ್ದರೆ ಅದು ಸತ್ತಿದೆ. ಇನ್ನು ವಿಚಾರಣೆ ಬೇಡ.

ಒತ್ತಡದ ಅಳತೆ

ಪಂಪ್ ಓಡುತ್ತಿದೆ, ಆದರೆ ಗಾಡಿಗೆ ಎಳೆತವಿಲ್ಲ ಎಂಬ ದೂರಿಗೆ ಪ್ರೆಶರ್ ಗೇಜ್ ಬಿಟ್ಟು ಬೇರೆ ಉತ್ತರವಿಲ್ಲ. ಕೆಲವು ಎಂಜಿನ್ನುಗಳಲ್ಲಿ, ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆಯಾದ ಫ್ಯೂಯೆಲ್ ರೈಲಿನ ಮೇಲೆ ಟಯರಿನ ವಾಲ್ವಿನಂಥ ಪೋರ್ಟ್ ಇರುತ್ತದೆ. ನಮ್ಮಲ್ಲಿಯ ಬಹುತೇಕ ಸಣ್ಣ ಕಾರುಗಳಲ್ಲಿ ಅದಿಲ್ಲದಿರುವುದರಿಂದ, ಒತ್ತಡ ಇಳಿಸಿ, ರೈಲಿಗೆ ಬರುವ ಪೈಪಿನ ನಡುವೆ ಟಿ ಆಕಾರದ ಅಡಾಪ್ಟರ್ ಜೋಡಿಸಬೇಕಾಗುತ್ತದೆ. ನಿರ್ದಿಷ್ಟ ಅಂಕಿಗೆ ಆ ಗಾಡಿಯ ಸರ್ವೀಸ್ ಮ್ಯಾನ್ಯುಯಲ್ಲೇ ಪ್ರಮಾಣ.

ಹೆಚ್ಚಾದ ಪೆಟ್ರೋಲನ್ನು ಟ್ಯಾಂಕಿಗೆ ಮರಳಿಸುವ ರಿಟರ್ನ್ ಪೈಪ್ ಇರುವ ಹಳೆಯ ವ್ಯವಸ್ಥೆಯಲ್ಲಿ ಒತ್ತಡ ಕಡಿಮೆ ಕಂಡರೆ, ರಿಟರ್ನ್ ಪೈಪಿನ ರಬ್ಬರ್ ಭಾಗವನ್ನು ಒಂದು ಕ್ಷಣ ಮೆಲ್ಲಗೆ ಅದುಮಿ ನೋಡಬೇಕು. ಒತ್ತಡ ಥಟ್ಟನೆ ಏರಿದರೆ ಪಂಪ್ ಗಟ್ಟಿಯಾಗಿದೆ, ಒತ್ತಡವನ್ನು ಹದದಲ್ಲಿಡುವ ರೆಗ್ಯುಲೇಟರ್ ಸೋತಿದೆ. ನೈಲಾನ್ ಪೈಪನ್ನು ಅದುಮಿದರೆ ಅದು ಸೀಳುತ್ತದೆ, ಆ ಸಾಹಸ ಬೇಡ. ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪ್ ಕಿತ್ತಾಗ ಒಳಗೆ ಪೆಟ್ರೋಲಿನ ಪಸೆ ಕಂಡರೆ ಅದರ ಡಯಾಫ್ರಮ್ ಹರಿದಿದೆ. ರಿಟರ್ನ್ ಇಲ್ಲದ ಹೊಸ ಕಾರುಗಳಲ್ಲಿ ರೆಗ್ಯುಲೇಟರ್ ಪಂಪಿನ ಜೋಡಣೆಯೊಳಗೇ ಇರುವುದರಿಂದ ಈ ವಿಂಗಡಣೆಯ ಪ್ರಶ್ನೆ ಬರುವುದಿಲ್ಲ.

ನಿಂತಲ್ಲೇ ಸರಿಯಾಗಿ ತೋರಿದ ಒತ್ತಡ ಹೊರೆ ಬಿದ್ದಾಗ ಕುಸಿಯಬಹುದು. ಗೇಜಿನ ಉದ್ದ ಪೈಪನ್ನು ಬಾನೆಟ್ಟಿನ ಹಿಂಬದಿಯಿಂದ ಹೊರತಂದು, ಗೇಜನ್ನು ವೈಪರ್ ಕೆಳಗೆ ಭದ್ರವಾಗಿ ಸಿಕ್ಕಿಸಿ, ಇನ್ನೊಬ್ಬರನ್ನು ಜೊತೆಗೆ ಕೂರಿಸಿಕೊಂಡು ಏರುದಾರಿಯಲ್ಲಿ ಓಡಿಸಿದರೆ ಸತ್ಯ ಹೊರಬರುತ್ತದೆ. ಹೊರಡುವ ಮೊದಲು ಯಾವ ಜಾಯಿಂಟಿನಲ್ಲೂ ಹನಿ ಜಿನುಗುತ್ತಿಲ್ಲವೆಂದು ನೋಡಿಕೊಳ್ಳಬೇಕು. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮುಳ್ಳು ಕೆಳಗಿಳಿಯುತ್ತಾ ಹೋದರೆ ಫಿಲ್ಟರ್ ಕಟ್ಟಿದೆ ಅಥವಾ ಪಂಪ್ ಸವೆದಿದೆ. ಹೊರಗೆ ಫಿಲ್ಟರ್ ಇರುವ ಗಾಡಿಯಾದರೆ ಮೊದಲು ಅದನ್ನು ಬದಲಿಸಿ ಮತ್ತೊಮ್ಮೆ ಅಳೆಯುವುದು ಜಾಣತನ.

ಗೇಜ್ ಇಲ್ಲದವರಿಗೆ ಸ್ಕ್ಯಾನರ್ ಸ್ವಲ್ಪ ನೆರವಾಗುತ್ತದೆ. ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್ (ಪೆಟ್ರೋಲಿನ ಪ್ರಮಾಣಕ್ಕೆ ಇಸಿಯು ಮಾಡಿಕೊಳ್ಳುವ ತಿದ್ದುಪಡಿ) ಹೊರೆಯಲ್ಲಿ ಶೇಕಡಾ 15–20ರಷ್ಟು ಧನಾತ್ಮಕವಾಗಿ ಏರಿದ್ದು, ಪಿ0171 ಕೋಡ್ ಬಂದಿದ್ದರೆ ಎಂಜಿನ್ನಿಗೆ ಪೆಟ್ರೋಲ್ ಸಾಲುತ್ತಿಲ್ಲ ಎಂಬ ಸುಳಿವು. ಆದರೆ ಗಾಳಿ ಸೋರಿಕೆಯಿಂದಲೂ ಅದೇ ಕೋಡ್ ಬರುತ್ತದೆ: ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ) ಟ್ರಿಮ್ ಹೆಚ್ಚಿದ್ದು ವೇಗದಲ್ಲಿ ಇಳಿದರೆ ಗಾಳಿ ಸೋರಿಕೆ; ಐಡಲ್‌ನಲ್ಲಿ ಸರಿಯಿದ್ದು ಹೊರೆಯಲ್ಲಿ ಏರಿದರೆ ಪೆಟ್ರೋಲಿನ ಕೊರತೆ. ಪಿ0230 ಪಂಪಿನ ವಿದ್ಯುತ್ ಮಂಡಲದ ದೋಷವನ್ನು ಸೂಚಿಸುತ್ತದೆ, ಪಂಪನ್ನೇ ಅಲ್ಲ.

ಬೆಳಿಗ್ಗೆ ಬಹಳ ಹೊತ್ತು ಸೆಲ್ಫ್ ಹೊಡೆಸಿಕೊಳ್ಳುವ ಗಾಡಿಗೆ ಉಪಕರಣವಿಲ್ಲದ ಪರೀಕ್ಷೆಯಿದೆ. ಸೆಲ್ಫ್ ಹೊಡೆಯದೆ ಕೀಯನ್ನು ಮೂರು ಸಲ ಆನ್ ಮಾಡಿ ಆಫ್ ಮಾಡಿ, ಪ್ರತಿ ಸಲವೂ ಪಂಪ್ ನಿಲ್ಲುವವರೆಗೆ ಕಾದು, ನಾಲ್ಕನೆಯ ಸಲ ಸ್ಟಾರ್ಟ್ ಮಾಡಬೇಕು. ತಕ್ಷಣ ಹತ್ತಿಕೊಂಡರೆ ರಾತ್ರಿಯಿಡೀ ಒತ್ತಡ ಇಳಿದುಹೋಗುತ್ತಿದೆ. ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ತಡೆಯುವ ಪಂಪಿನ ಚೆಕ್ ವಾಲ್ವ್, ಸೋರುವ ಇಂಜೆಕ್ಟರ್, ರೆಗ್ಯುಲೇಟರ್ ಇವುಗಳಲ್ಲಿ ಒಂದು ಕಾರಣ. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿದಾಗ ಒಂದು ಮಾತ್ರ ಪೆಟ್ರೋಲಿನಿಂದ ಒದ್ದೆಯಾಗಿದ್ದರೆ ಆ ಸಿಲಿಂಡರಿನ ಇಂಜೆಕ್ಟರನ್ನು ನೋಡಬೇಕು.

ನೀರು, ಎಥೆನಾಲ್, ಸಿಎನ್‌ಜಿ

ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥೆನಾಲ್ ಇರುತ್ತದೆ. ಎಥೆನಾಲ್ ನೀರನ್ನು ಹೀರುತ್ತದೆ. ನೀರು ಮಿತಿ ಮೀರಿದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರ್ಪಟ್ಟು ತಳ ಸೇರುತ್ತವೆ. ಪಂಪ್ ಹೀರುವುದು ತಳದಿಂದಲೇ. ತಿಂಗಳುಗಟ್ಟಲೆ ನಿಂತ ಗಾಡಿ, ಇಲ್ಲವೇ ಮಳೆಗಾಲದಲ್ಲಿ ಟ್ಯಾಂಕ್ ತುಂಬಿಸಿದ ಮರುಗಳಿಗೆಯಲ್ಲೇ ಕೆಮ್ಮತೊಡಗಿದ ಗಾಡಿಯಾದರೆ, ಪೈಪಿನಿಂದ ಸ್ವಲ್ಪ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಿಡಿದು ಅರ್ಧ ಗಂಟೆ ಬಿಡಬೇಕು. ತಳದಲ್ಲಿ ಬೇರೆ ಪದರ ಕಂಡರೆ ಟ್ಯಾಂಕ್ ಬರಿದು ಮಾಡಿ ತೊಳೆಯಿಸುವುದೇ ಪರಿಹಾರ.

ಸಿಎನ್‌ಜಿ ಕಾರುಗಳಲ್ಲಿ ಪರೀಕ್ಷೆ ತಾನಾಗಿಯೇ ಒದಗಿಬಂದಿದೆ: ಗ್ಯಾಸಿನಲ್ಲಿ ಚೆನ್ನಾಗಿ ಓಡಿ ಪೆಟ್ರೋಲಿನಲ್ಲಿ ಮಾತ್ರ ತೊಡರಿದರೆ, ಇಗ್ನಿಷನ್ ಮತ್ತು ಎಂಜಿನ್ ಸರಿಯಿವೆ, ಹುಡುಕಾಟ ಪೆಟ್ರೋಲ್ ಮಾರ್ಗಕ್ಕೆ ಸೀಮಿತ. ಹೊರಗೆ ಕಿಟ್ ಹಾಕಿಸಿದ ಗಾಡಿಗಳಲ್ಲಿ ಪಂಪಿನ ವೈರನ್ನು ಕತ್ತರಿಸಿ ಪ್ರತ್ಯೇಕ ರಿಲೇ ಜೋಡಿಸಿರುವುದುಂಟು. ಟೇಪ್ ಸುತ್ತಿದ ಆ ಜಾಯಿಂಟನ್ನು ಎಲ್ಲಕ್ಕಿಂತ ಮೊದಲು ಬಿಚ್ಚಿ ನೋಡುವುದು ಒಳ್ಳೆಯದು.

ಬಿಚ್ಚಿದ ಮೇಲೆ

ತೀರ್ಮಾನ ಪಂಪಿನ ವಿರುದ್ಧವೇ ಬಂದರೆ, ಹೊರತೆಗೆದ ಜೋಡಣೆಯನ್ನು ಬೆಳಕಿನಲ್ಲಿ ಹಿಡಿದು ನೋಡಬೇಕು. ಕೆಲವೊಮ್ಮೆ ಮೋಟಾರು ಗಟ್ಟಿಯಾಗಿದ್ದು, ಅದರಿಂದ ಮೇಲಕ್ಕೆ ಹೋಗುವ ಗೇಣುದ್ದದ ಸುಕ್ಕುಪೈಪ್ ಸೀಳಿರುತ್ತದೆ. ಎತ್ತಿದ ಪೆಟ್ರೋಲ್ ಅಲ್ಲಿಂದಲೇ ಟ್ಯಾಂಕಿಗೆ ಮರಳುತ್ತಿರುತ್ತದೆ. ಕೆಳಗಿನ ಜಾಲರಿ ಕೆಂಪು ಧೂಳಿನಿಂದ ಕಟ್ಟಿದ್ದರೆ ಟ್ಯಾಂಕಿನಲ್ಲಿ ತುಕ್ಕಿದೆ, ಅದನ್ನು ತೊಳೆಯದೆ ಹೊಸ ಪಂಪ್ ಇಳಿಸಬಾರದು. ಮೋಟಾರನ್ನು ಮಾತ್ರ ಬದಲಿಸುವುದಾದರೆ ಜಾಲರಿಯನ್ನೂ ಹೊಸದಾಗಿ ಹಾಕಬೇಕು, ಮತ್ತು ಅಗ್ಗದ ನಕಲಿಗಳು ಹೇರಳವಾಗಿರುವ ಸಾಮಾನು ಇದಾದ್ದರಿಂದ ಬಿಲ್ ಕೊಡುವ ಅಂಗಡಿಯಲ್ಲೇ ಕೊಳ್ಳಬೇಕು.

ಪಂಪಿನ ತಲೆಯ ಕೆಳಗಿನ ರಬ್ಬರ್ ಉಂಗುರ ಪೆಟ್ರೋಲಿನಲ್ಲಿ ಉಬ್ಬಿರುತ್ತದೆ, ಹಳೆಯದು ಮತ್ತೆ ಕೂರುವುದಿಲ್ಲ. ಹೊಸ ಉಂಗುರ ಹಾಕಿ, ಲಾಕ್ ರಿಂಗ್ ಬಿಗಿದು, ರಿಲೇ ಸಾಕೆಟ್ಟಿನ ಜೋಡಣೆಯಿಂದ ಪಂಪನ್ನು ಒಂದೆರಡು ನಿಮಿಷ ಓಡಿಸಿ, ತಲೆಯ ಸುತ್ತ ಮತ್ತು ರೈಲಿನ ಬಳಿ ಒಣ ಕಾಗದ ಒತ್ತಿ ಹನಿ ಇಲ್ಲವೆಂದು ಕಂಡುಕೊಂಡು, ಒತ್ತಡವನ್ನು ಇನ್ನೊಮ್ಮೆ ಅಳೆದ ಬಳಿಕವಷ್ಟೇ ಮುಚ್ಚಳ ಹಾಕಿ ಸೀಟನ್ನು ಕೂರಿಸಬೇಕು.